ಒಳಗೆ ಎಂತ ಉಂಟು?

ಸುಂದರನಿಗೆ ಕೇಳಲು ಬಾರದ ಪ್ರಶ್ನೆ ಒಂದೇ ಒಂದು ಇತ್ತು. ನೀವು ಯಾರ ಮನೆಯವರು ಎಂದು ಕೇಳುತ್ತಿದ್ದ, ಅಜ್ಜಿಯ ಮಂಡಿನೋವು ಹೇಗುಂಟು ಎಂದು ಕೇಳುತ್ತಿದ್ದ, ಮಗಳಿಗೆ ಗಂಡು ನೋಡಿ ಆಯಿತಾ ಎಂದು ಕೇಳಿ ಬೈಸಿಕೊಂಡದ್ದೂ ಉಂಟು. ಆದರೆ ಯಾರಾದರೂ ಒಂದು ಕಟ್ಟನ್ನು ತಂದು ಕೈಗೆ ಕೊಟ್ಟರೆ ‘ಇದರ ಒಳಗೆ ಎಂತ ಉಂಟು’ ಎಂದು ಅವನು ಜನ್ಮದಲ್ಲಿ ಕೇಳಿದವನಲ್ಲ. ಕೇಳುವುದೆಂದರೆ ನಿಮ್ಮ ಮೇಲೆ ನನಗೆ ನಂಬಿಕೆ ಇಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವುದು ಎಂದು ಅವನ ತಿಳಿವಳಿಕೆ. ಅವನೊಬ್ಬನದೇ ಅಲ್ಲ, ಆ ಕಡೆಯ ಬಸ್ಸಿನವರದ್ದೆಲ್ಲ ಅದೇ ತಿಳಿವಳಿಕೆ.

ಹುಟ್ಟಿದ್ದು ಅಜೆಕಾರಿನಲ್ಲಿ. ಏಳನೆಯ ಕ್ಲಾಸಿನಲ್ಲಿ ಗಣಿತದ ಕೈಯಿಂದ ತಪ್ಪಿಸಿಕೊಂಡು ಓಡಿದವನು ನೇರವಾಗಿ ಬಸ್ಸು ಹತ್ತಿದ. ಆಮೇಲೆ ಇಳಿಯಲೇ ಇಲ್ಲ ಎನ್ನಬೇಕು. ಮೊದಲು ಕ್ಲೀನರ್, ಮೀಸೆ ಬಂದ ಮೇಲೆ ಕಂಡಕ್ಟರ್. ಕಾಪುವಿನಿಂದ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಅವನ ಯೌವನ ಮುಗಿಯಿತು. ಆ ರೂಟಿನಲ್ಲಿ ಜನ ಅರ್ಧ, ಸಾಮಾನು ಅರ್ಧ. ಶಂಕರಪುರದ ಮಲ್ಲಿಗೆ, ಮಟ್ಟುವಿನ ಗುಳ್ಳ ಬದನೆ, ರಿಪೇರಿಗೆ ಹೋಗುವ ಕನ್ನಡಕ, ಮದುವೆಯ ಕರೆಯೋಲೆಗಳು, ಒಮ್ಮೆ ಯಾರದೋ ಮಾವನ ಹಲ್ಲಿನ ಸೆಟ್ಟು. ಕೊಡುವವರು ಕಿಟಕಿಯಿಂದಲೇ ಕೊಟ್ಟು, “ಬೆಳ್ಮಣ್ಣಿನಲ್ಲಿ ನಮ್ಮ ತಮ್ಮ ನಿಂತಿರ್ತಾನೆ” ಎನ್ನುತ್ತಿದ್ದರು. ರಶೀದಿ ಗಿಶೀದಿ ಎಂದರೆ ಸುಂದರ ನಗುತ್ತಿದ್ದ. “ಇದಕ್ಕೆಲ್ಲ ಎಂತ ರಶೀದಿ ಮಾರಾಯ್ರೆ, ನಾನಿಲ್ವಾ?” ಎನ್ನುತ್ತಿದ್ದ. ತಮ್ಮ ನಿಂತಿರುತ್ತಿದ್ದ, ವಸ್ತು ಅವನ ಕೈಗೆ ಹೋಗುತ್ತಿತ್ತು, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಸೀಟಿ ಹೊಡೆದಾಗಿರುತ್ತಿತ್ತು.

ಹಾಗೆ ಅವನ ಕೈಯಿಂದ ಹೋದವುಗಳಲ್ಲಿ ಬಹಳ ವರ್ಷ ನಡೆದದ್ದು ಒಂದು ಊಟದ ಬುತ್ತಿ. ಕಾಪುವಿನಲ್ಲಿ ಟೈಲರಿಂಗ್ ಮಾಡುತ್ತಿದ್ದ ಜೆರ್ಟ್ರೂಡ್ ಅದನ್ನು ಕೊಡುತ್ತಿದ್ದವರು. ಕ್ರೈಸ್ತ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಗಂಡ ಮ್ಯಾಥ್ಯೂ ಬಹರೈನಿನಲ್ಲಿದ್ದು ಅಲ್ಲಿಯೇ ತೀರಿಕೊಂಡಿದ್ದ. ಮ್ಯಾಥ್ಯೂವಿನ ತಾಯಿ ಕಾರ್ಕಳದ ಹತ್ತಿರ ಅತ್ತೂರಿನಲ್ಲಿ ಒಬ್ಬರೇ ಇದ್ದರೆಂದು ಮಗಳು ಡಿಂಪಲ್ ಅಲ್ಲಿಯೇ ಇದ್ದು ಕಾರ್ಕಳದ ಶಾಲೆಗೆ ಹೋಗುತ್ತಿದ್ದಳು. ಅಜ್ಜಿಗೆ ಕಣ್ಣು ಮಂಜು. ಮೀನು ಕೊಯ್ಯಲು ಆಗದು. ಹುಡುಗಿಗೋ ಮೀನಿಲ್ಲದೆ ಅನ್ನ ಗಂಟಲಿಗೆ ಇಳಿಯದು. ಆದ್ದರಿಂದ ಬಾಯಮ್ಮ ಕಾಪುವಿನಲ್ಲಿ ಬೆಳಗ್ಗೆ ಬಂದ ಮೀನನ್ನು ಬೇಗ ಬೇಗ ಅಟ್ಟು, ಟಿಫಿನ್ ಕ್ಯಾರಿಯರಿಗೆ ತುಂಬಿ, ಅದಕ್ಕೊಂದು ಬಟ್ಟೆಯ ಗವಸು ಹೊಲಿದು ಸುಂದರನ ಕೈಗೆ ಕೊಡುತ್ತಿದ್ದರು. ಶಾಲೆಯ ಗೇಟಿನಲ್ಲಿ ಎರಡು ಜಡೆಯ ಹುಡುಗಿ ಕಾಯುತ್ತಿದ್ದಳು. ಆ ಹುಡುಗಿ ಬೆಳೆದದ್ದು ತಾಯಿಯ ಅಡುಗೆಯಿಂದ ಎಷ್ಟೋ ಸುಂದರನ ಕೈಯಿಂದಲೂ ಅಷ್ಟೇ ಎಂದು ಬಾಯಮ್ಮ ಹೇಳುವುದಿತ್ತು. ಅವನ ಖಾಕಿ ಅಂಗಿಗಳನ್ನೂ ಅವನ ಮಗಳು ಮೋಕ್ಷಾಳ ಯೂನಿಫಾರ್ಮನ್ನೂ ಅವರೇ ಹೊಲಿದು ಕೊಟ್ಟರು. ಬಾಯಮ್ಮನ ಹೊಲಿಗೆ ಎಂದರೆ ಬಟ್ಟೆ ಹರಿದೀತು, ಹೊಲಿಗೆ ಬಿಡದು.

ನಿಂತು ನಿಂತು ಸುಂದರನ ಮೊಣಕಾಲು ಕೈಕೊಟ್ಟಾಗ ಬೆಂಗಳೂರಿಗೆ ಸ್ಲೀಪರ್ ಬಸ್ಸು ಓಡಿಸುವ ಒಂದು ಕಂಪೆನಿ ಅವನನ್ನು ಕಾರ್ಕಳದ ಬುಕಿಂಗ್ ಕೌಂಟರಿನಲ್ಲಿ ಕೂರಿಸಿತು. ಉಡುಪಿಯಿಂದ ಹೊರಟ ಬಸ್ಸು ಮಣಿಪಾಲದಲ್ಲಿ ಜನ ತುಂಬಿಸಿಕೊಂಡು ಸಂಜೆ ಕಾರ್ಕಳಕ್ಕೆ ಬರುತ್ತಿತ್ತು. ಕೌಂಟರೆಂದರೆ ಜ್ಯೂಸ್ ಅಂಗಡಿಗೂ ಮೊಬೈಲ್ ಅಂಗಡಿಗೂ ನಡುವೆ ಕಪಾಟಿನಷ್ಟು ಜಾಗ. ಅಲ್ಲಿಯೂ ಅದೇ ಕಥೆ ಮುಂದುವರಿಯಿತು. ಟಿಕೆಟಿಗೆ ಬರುವವರಿಗಿಂತ ಚೀಲ ಕೊಡಲು ಬರುವವರೇ ಹೆಚ್ಚು. “ಬೆಂಗಳೂರಿನಲ್ಲಿ ಬಂದು ತಕ್ಕೊಳ್ತಾರೆ, ಸುಂದರಣ್ಣ.” “ಆಯ್ತು, ಇಡಿ. ನಾನಿಲ್ವಾ?” ಮೊಣಕಾಲು ಹೋದರೂ ಮರ್ಯಾದೆ ಇತ್ತು. ಮನುಷ್ಯನಿಗೆ ಎರಡರಲ್ಲಿ ಒಂದಾದರೂ ಬೇಕಲ್ಲ.

ಅಷ್ಟರಲ್ಲಿ ಎಲ್ಲಿಯೋ ದೂರದ ಹೆದ್ದಾರಿಯಲ್ಲಿ ಒಂದು ಸ್ಲೀಪರ್ ಬಸ್ಸು ಹೊತ್ತಿ ಉರಿಯಿತು. ಅದರ ಸಾಮಾನಿನ ಡಿಕ್ಕಿಯಲ್ಲಿ ಯಾರೋ ಯಾರಿಗೋ ಕಳಿಸಿದ ಕಟ್ಟಿನಲ್ಲಿ ಪೇಂಟಿಗೆ ಬೆರೆಸುವ ಥಿನ್ನರ್ ಇತ್ತಂತೆ. ಮಲಗಿದವರಲ್ಲಿ ಕೆಲವರು ಏಳಲೇ ಇಲ್ಲ. ಸುಂದರ ಅದರ ವಿಡಿಯೋವನ್ನು ಪೂರ್ತಿ ನೋಡಲಾರದೆ ಫೋನನ್ನು ಮಗುಚಿ ಇಟ್ಟ. ‘ನಮ್ಮ ಊರಿನಲ್ಲಿ ಅಂಥದ್ದು ಕೊಡುವವರು ಇಲ್ಲ’ ಎಂದು ತನಗೆ ತಾನೇ ಹೇಳಿಕೊಂಡ. ಸುಟ್ಟ ಬಸ್ಸಿನ ಏಜೆಂಟನೂ ಅದನ್ನೇ ಹೇಳಿಕೊಂಡಿದ್ದನೋ ಏನೋ.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಸರಕಾರದ ಹಳೆಯ ಚಾಳಿ. ಆದರೂ ಹಾಕುವುದು ಒಳ್ಳೆಯದೇ. ದೂರ ಪ್ರಯಾಣದ ಬಸ್ಸುಗಳನ್ನು ಸುರಕ್ಷಿತ ಮಾಡುವುದು ಹೇಗೆಂದು ಒಂದು ಅಧ್ಯಯನ ಶುರುವಾಯಿತು. ಕರಾವಳಿಯ ಪಾಲಿಗೆ ಮಣಿಪಾಲದಲ್ಲಿ ಬಾಡಿಗೆಗೆ ಒಂದು ಕಚೇರಿ ಹಿಡಿದರು. ಅಲ್ಲಿಂದ ಚೈತಾಲಿ ಎಂಬ ಸಂಶೋಧಕಿ ಕಾರ್ಕಳಕ್ಕೆ ಬಂದಳು. ಸುಂದರ ಜ್ಯೂಸ್ ತರಿಸಿ ಕೊಟ್ಟ, ಅವಳ ಅಜ್ಜನ ಮನೆ ಯಾವುದೆಂದು ಪತ್ತೆ ಮಾಡಿದ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

“ಪಾರ್ಸೆಲ್ ತಕ್ಕೊಳ್ಳುವಾಗ ಒಳಗೆ ಎಂತ ಉಂಟು ಅಂತ ಕೇಳ್ತೀರಾ, ಸುಂದರಣ್ಣ?”

“ಹಾಗೆ ಕೇಳಿದರೆ ನಾಳೆಯಿಂದ ಯಾರು ಬರ್ತಾರೆ ಮೇಡಂ? ನಾವು ಮುಖ ನೋಡ್ತೇವೆ. ಮುಖ ಗೊತ್ತಿದ್ದರೆ ಆಯ್ತಲ್ಲ.”

ಅವಳು ಅದನ್ನು ಬರೆದುಕೊಂಡಳು. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸುಂದರ ಮಾತ್ರ ಆ ದಿನ ಮನೆಗೆ ಹೋಗಿ ಹೆಂಡತಿ ಸ್ವರ್ಣಲತಾಳಿಗೆ, “ಸರಕಾರದವರು ನನ್ನನ್ನು ಕೇಳಿ ಹೋದರು” ಎಂದು ಎದೆ ಉಬ್ಬಿಸಿ ಹೇಳಿದ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ನಿಟ್ಟೆಯ ಲಿಯೋನೆಲ್ ಮಾಸ್ಟ್ರು ಬಂದರು. ನಿವೃತ್ತ ಶಿಕ್ಷಕರು, ಊರಿಗೆ ಬೇಕಾದವರು, ಬಿಳಿ ಅಂಗಿಗೆ ಕಲೆ ತಾಗಿಸಿಕೊಂಡವರಲ್ಲ. ಕೈಯಲ್ಲಿ ಒಂದು ಚೀಲ. “ತಂಗಿಯ ಮಗನಿಗೆ ಸ್ವಲ್ಪ ಮಟ್ಟು ಗುಳ್ಳ. ಬೆಂಗಳೂರಿನಲ್ಲಿ ಸಿಗುವುದಿಲ್ಲವಂತೆ. ರಶೀದಿ ಬೇಕಾ ಸುಂದರ?” ಎಂದರು. ಸುಂದರ ಎಂದಿನಂತೆ ಹಲ್ಲು ಬಿಟ್ಟ. “ಎಂತ ರಶೀದಿ ಮಾಸ್ಟ್ರೆ, ನಾನಿಲ್ವಾ?”

ಬಸ್ಸು ಬಂತು. ಚೀಲವನ್ನು ಡಿಕ್ಕಿಗೆ ಇಡಲು ಎತ್ತಿದಾಗ ಹಿಂದಿನಿಂದ ಒಂದು ಕೈ ಅದನ್ನು ಹಿಡಿಯಿತು. ಚೈತಾಲಿ. “ಇದನ್ನು ಒಮ್ಮೆ ಬಿಚ್ಚಿ, ಸುಂದರಣ್ಣ” ಎಂದಳು. ಮೇಲೆ ಗುಳ್ಳ ಇತ್ತು, ಹಸಿರು ತೊಟ್ಟಿನ ಒಳ್ಳೆಯ ಗುಳ್ಳವೇ. ಅದರ ಅಡಿಯಲ್ಲಿ ಒಂದು ಥಿನ್ನರಿನ ಡಬ್ಬ. ಡಬ್ಬ ಖಾಲಿ. ಅದರ ಮೇಲೆ ‘ಇದು ಪರೀಕ್ಷೆ’ ಎಂಬ ಚೀಟಿ. ಲಿಯೋನೆಲ್ ಮಾಸ್ಟ್ರು ಜ್ಯೂಸ್ ಅಂಗಡಿಯ ಕಡೆ ತಿರುಗಿ ನಿಂತಿದ್ದರು. “ಸರಕಾರದ ಕೆಲಸ ಅಂದರು ಮಾರಾಯ. ಗುರುತಿನವರೇ ಬೇಕು ಅಂದರು” ಎಂದು ಗೊಣಗಿದರು. ಡ್ರೈವರ್ ಆ ಡಬ್ಬವನ್ನು ನೋಡಿದ, ಬಸ್ಸಿನ ಒಳಗೆ ಆಗಲೇ ಕಂಬಳಿ ಹೊದ್ದವರನ್ನು ನೋಡಿದ, ಸುಂದರನನ್ನು ನೋಡಿದ. ಡಬ್ಬ ತುಂಬಿದ್ದರೆ? ಆ ಪ್ರಶ್ನೆಯೇ ಸುಂದರನನ್ನು ಎಲ್ಲಕ್ಕಿಂತ ಹೆಚ್ಚು ತಿಂದದ್ದು.

ಮುಂದಿನ ವಾರ ಉಡುಪಿಯಲ್ಲಿ ಕಂಪೆನಿಯ ಏಜೆಂಟರ ಸಭೆ. ಪರದೆಯ ಮೇಲೆ ಆ ಸಂಜೆ ಗುಟ್ಟಾಗಿ ತೆಗೆದ ವಿಡಿಯೋ ಹಾಕಿದರು. ಮುಖವನ್ನು ಮಂಜು ಮಾಡಿದ್ದರು, ಆದರೆ ಸ್ವರವನ್ನು ಹಾಗೆಯೇ ಬಿಟ್ಟಿದ್ದರು. “ಎಂತ ರಶೀದಿ ಮಾಸ್ಟ್ರೆ, ನಾನಿಲ್ವಾ?” ಸಭೆಯಲ್ಲಿ ಮೊದಲು ಒಬ್ಬ ನಕ್ಕ, ಮತ್ತೆ ಎಲ್ಲರೂ ನಕ್ಕರು. ಅವರಲ್ಲಿ ದಿನವೂ ಹಾಗೆಯೇ ಪಾರ್ಸೆಲ್ ಇಡಿಸಿಕೊಳ್ಳದವನು ಒಬ್ಬನೂ ಇರಲಿಲ್ಲ. ಸಿಕ್ಕಿಬಿದ್ದವನು ಕಳ್ಳ, ಉಳಿದವರು ಪ್ರೇಕ್ಷಕರು. ಸಭೆ ಮುಗಿದ ಮೇಲೆ ಯಜಮಾನರ ಮಗ ಪ್ರತೀಕ್ ಅವನನ್ನು ಕರೆದು ಮೆಲ್ಲಗೇ ಹೇಳಿದ.

“ಇನ್ನೊಮ್ಮೆ ಪರೀಕ್ಷೆ ಮಾಡ್ತಾರಂತೆ, ಸುಂದರಣ್ಣ. ಯಾವಾಗ, ಯಾರನ್ನು ಕಳಿಸ್ತಾರೆ ಅಂತ ನನಗೂ ಗೊತ್ತಿಲ್ಲ. ಮತ್ತೆ ಹೀಗೇ ಆದರೆ ಕೌಂಟರಿನಲ್ಲಿ ಬೇರೆಯವರನ್ನು ಇಡಬೇಕಾಗ್ತದೆ. ಬೇಜಾರು ಮಾಡ್ಬೇಡಿ.”

ಬೇಜಾರು ಮಾಡಬೇಡಿ ಎಂದು ಹೇಳುವವರು ಬೇಜಾರಿನ ಮಾತನ್ನು ಆಡಿ ಮುಗಿಸಿರುತ್ತಾರೆ. ಕೌಂಟರಿನ ಮೇಲೆ ಕ್ಯಾಮೆರಾ ಬಂತು. ಗೋಡೆಗೆ ಬೋರ್ಡು ಬಂತು: ಗುರುತಿನ ಚೀಟಿ ಇಲ್ಲದೆ ಪಾರ್ಸೆಲ್ ಇಲ್ಲ, ವಾಸನೆ ಬರುವ, ಸೋರುವ, ಹೊಲಿದು ಮುಚ್ಚಿದ ಕಟ್ಟುಗಳನ್ನು ಬಿಚ್ಚಿ ನೋಡತಕ್ಕದ್ದು. ಸುಂದರ ಆ ಬೋರ್ಡಿನ ಕೆಳಗೆ ಕುಳಿತ.

ಅಲ್ಲಿಂದ ಅವನು ಬೇರೆ ಮನುಷ್ಯನಾದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ. ಚಕ್ಕುಲಿಯ ಡಬ್ಬ ತಂದ ಮುದುಕಿಯ ಹಿಂದೆ ಚೈತಾಲಿ ಇರಬಹುದೇ ಎಂದು ಇಣುಕಿದ. ನಿಟ್ಟೆಯ ಹಾಸ್ಟೆಲಿನ ಹುಡುಗಿಯರ ಚೀಲವನ್ನೂ ಬಿಚ್ಚಿಸಿದ. ಹೊಸ ಮುಖ ಬಂದರೆ ಅವನಿಗೆ ನಿರಾಳ. ಗುರುತಿನ ಮುಖ ಬಂದರೆ ಹೆದರಿಕೆ. ಮಾಸ್ಟ್ರೇ ಬಂದಿದ್ದರಲ್ಲ! ಇನ್ನು ಯಾರು ಬೇಕಾದರೂ ಬಂದಾರು. ಜನ ಮೊದಮೊದಲು ತಮಾಷೆ ಮಾಡಿದರು, ಆಮೇಲೆ ಮುಖ ದಪ್ಪ ಮಾಡಿದರು. ಸ್ವರ್ಣಲತಾ ಒಂದು ದಿನ ಕೇಳಿಯೇ ಬಿಟ್ಟಳು. “ನಿಮಗೆ ಎಂತ ಆಗಿದೆ? ನಾನು ಬುತ್ತಿ ಕಟ್ಟಿದರೂ ಮುಚ್ಚಳ ತೆಗೆದು ನೋಡ್ತೀರಿ!” ಅವನಿಗೆ ನಗು ಬರಲಿಲ್ಲ. ಈ ವಯಸ್ಸಿನಲ್ಲಿ, ಈ ಕಾಲಿನಲ್ಲಿ, ಕೌಂಟರು ಹೋದರೆ ತಾನು ಯಾರು ಎಂಬುದು ಅವನ ಭಯ. ಬಸ್ಸಿನ ಸುಂದರಣ್ಣ ಎಂಬುದನ್ನು ಬಿಟ್ಟರೆ ಅವನಿಗೆ ಬೇರೆ ಹೆಸರೇ ಇರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಸಂಜೆ ಜೆರ್ಟ್ರೂಡ್ ಬಾಯಮ್ಮ ಬಂದರು.

ಅವರನ್ನು ನೋಡಿ ವರ್ಷಗಳಾಗಿದ್ದವು. ಕೂದಲು ಪೂರ್ತಿ ನರೆತಿತ್ತು, ಬೆನ್ನು ಮಾತ್ರ ನೆಟ್ಟಗೆ. ಕೈಯಲ್ಲಿ ಒಂದು ಕಟ್ಟು, ದಪ್ಪ ಬಿಳಿ ಬಟ್ಟೆಯಲ್ಲಿ ನಾಲ್ಕೂ ಕಡೆ ಹೊಲಿದದ್ದು. ಕೌಂಟರಿನ ಮುಂದೆ ಇಬ್ಬರು ಮೂವರು ಟಿಕೆಟಿಗೆ ನಿಂತಿದ್ದರು. ಬಾಯಮ್ಮ ಅವರೆಲ್ಲ ಹೋಗಲಿ ಎಂದು ಬದಿಯಲ್ಲಿ ಕಾದರು. ಅವರು ಹೋಗಿ ಬೇರೆಯವರು ಬಂದರು. ಕೊನೆಗೆ ಕಟ್ಟನ್ನು ಮೆಲ್ಲಗೆ ಮುಂದಿಟ್ಟರು.

“ಡಿಂಪಲಿಗೆ, ಸುಂದರಣ್ಣ. ಬೆಳಗ್ಗೆ ಅವಳ ಕಡೆಯವರು ಯಾರಾದರೂ ಬಂದು ತಕ್ಕೊಳ್ತಾರೆ.”

“ಅವಳೇ ಬರುವುದಿಲ್ವಾ?”

“ಅವಳಿಗೆ… ಈಗ ಬರ್ಲಿಕ್ಕೆ ಆಗುವುದಿಲ್ಲ.”

ಡಿಂಪಲ್ ಬೆಂಗಳೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆಂದು ಸುಂದರ ಕೇಳಿದ್ದ. ಮೂರು ತಿಂಗಳ ಹಿಂದಿನ ಸುಂದರನಾಗಿದ್ದರೆ ‘ಇಡಿ ಬಾಯಮ್ಮ, ನಾನಿಲ್ವಾ’ ಎಂದು ಕಟ್ಟನ್ನು ಎತ್ತಿ ತನ್ನ ಕುರ್ಚಿಯ ಮೇಲೆಯೇ ಇಡುತ್ತಿದ್ದ. ಈಗಿನವನ ತಲೆ ಬೇರೆಯೇ ಲೆಕ್ಕ ಹಾಕಿತು. ಕಾಪುವಿನಲ್ಲೇ ಬೆಂಗಳೂರು ಬಸ್ಸಿನ ಕೌಂಟರುಗಳಿವೆ. ಇವರು ಅಷ್ಟು ದೂರದಿಂದ ಕಾರ್ಕಳಕ್ಕೆ ಯಾಕೆ ಬಂದರು? ಯಾಕೆ ಬದಿಯಲ್ಲಿ ನಿಂತು ಕಾದರು? ಯಾಕೆ ಕಣ್ಣು ತಪ್ಪಿಸುತ್ತಾರೆ? ಕಟ್ಟಿನಿಂದ ಒಂದು ವಾಸನೆ ಬರುತ್ತಿತ್ತು, ಖಾರ, ಎಣ್ಣೆ, ಎಂತದೋ ಸುಟ್ಟ ಹಾಗೆ. ಎಲ್ಲಿಯೋ ಗುರುತಿದ್ದ ವಾಸನೆ. ಎಲ್ಲಿಯದೆಂದು ನೆನಪು ಮಾಡಿಕೊಳ್ಳುವ ತಾಳ್ಮೆ ಅವನಲ್ಲಿ ಇರಲಿಲ್ಲ. ವಾಸನೆ ಉಂಟು, ಹೊಲಿಗೆ ಉಂಟು, ಗುರುತಿನ ಮುಖ ಉಂಟು. ಬೋರ್ಡಿನಲ್ಲಿ ಬರೆದದ್ದೆಲ್ಲ ಒಂದೇ ಕಟ್ಟಿನಲ್ಲಿ ಬಂದು ಕುಳಿತಿದೆ. ಚೈತಾಲಿ ಇವರನ್ನೇ ಕಳಿಸಿದ್ದಾಳೆ, ಹಳೆಯ ಋಣ ಗೊತ್ತು ಮಾಡಿಕೊಂಡೇ ಕಳಿಸಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಬಾಯಮ್ಮ ಕೂಡ ಹೀಗೆ ಮಾಡಿದರಲ್ಲ ಎಂದು ನೊಂದುಕೊಂಡ.

ಜೀವಮಾನದಲ್ಲಿ ಬಾಯಮ್ಮನ ಹತ್ತಿರ ಕೇಳದ ಮಾತನ್ನು ಅವನು ಗಟ್ಟಿಯಾಗಿ, ಕ್ಯಾಮೆರಾಕ್ಕೂ ಕೇಳುವಂತೆ ಕೇಳಿದ.

“ಒಳಗೆ ಎಂತ ಉಂಟು?”

ಬಾಯಮ್ಮ ಅವನನ್ನು ದಿಟ್ಟಿಸಿ ನೋಡಿದರು. “ಬಟ್ಟೆ. ಮನೆಯ ಸಾಮಾನು.”

“ಎಂತ ಸಾಮಾನು?”

“ಹೆಂಗಸರ ಸಾಮಾನು, ಸುಂದರಣ್ಣ. ನಾನು ನಿಮ್ಮ ಹತ್ತಿರ ಸುಳ್ಳು ಹೇಳ್ತೇನಾ?”

“ಅದೆಲ್ಲ ಬೇಡ ಬಾಯಮ್ಮ. ಬಿಚ್ಚಬೇಕು. ಬೋರ್ಡು ನೋಡಿ.”

“ಇಲ್ಲಿ ಬೇಡ” ಎಂದರು ಅವರು. ಸ್ವರ ಸಣ್ಣದಾಯಿತು. “ಹಿಂದೆ ಎಲ್ಲಿಯಾದರೂ ಹೋಗುವ. ಅಥವಾ ಬೇಡ, ನಾನು ವಾಪಸ್ಸು ತಕ್ಕೊಂಡು ಹೋಗ್ತೇನೆ.”

ವಾಪಸ್ಸು ತೆಗೆದುಕೊಂಡು ಹೋಗುತ್ತೇನೆ ಎಂದದ್ದೇ ತಪ್ಪಾಯಿತು. ಸಂಶಯವಿದ್ದವನು ಓಡುವವನನ್ನು ಬಿಡುತ್ತಾನೆಯೇ? ಸುಂದರ ಮೇಜಿನ ಮೇಲಿದ್ದ ಬ್ಲೇಡು ಎತ್ತಿಕೊಂಡ. ಹೊಲಿಗೆ ಸುಲಭಕ್ಕೆ ಬಿಡಲಿಲ್ಲ, ಒಂದೊಂದೇ ಎಳೆ ಕೊಯ್ಯಬೇಕಾಯಿತು. ಬಾಯಮ್ಮ ಒಮ್ಮೆ ಕೈ ಚಾಚಿದವರು ಹಿಂದೆ ಎಳೆದುಕೊಂಡರು. ಕೊನೆಯ ಎಳೆ ಕಡಿದಾಗ ಒಳಗಿದ್ದದ್ದು ತಾನಾಗಿ ಅರಳಿ ಮೇಜಿನ ಮೇಲೆಲ್ಲ ಹರಡಿತು.

ಹಳೆಯ ಹತ್ತಿ ಸೀರೆಯನ್ನು ಒಗೆದು ಒಗೆದು ಮೆತ್ತಗೆ ಮಾಡಿ ಕತ್ತರಿಸಿದ ತುಂಡುಗಳು. ತೋಳಿಲ್ಲದ ಪುಟ್ಟ ಪುಟ್ಟ ಅಂಗಿಗಳು, ಹಿಂದೆ ಕಟ್ಟಲು ಲಾಡಿ. ಹಳದಿ ಉಲ್ಲನ್ನಿನ ಒಂದು ಟೊಪ್ಪಿ, ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಕಾಯಿಸಿದ ಎಣ್ಣೆಯ ಬಾಟಲಿ. ಒಂದು ಸ್ಟೀಲ್ ಡಬ್ಬ. ಅದರ ಮುಚ್ಚಳ ಜಾರಿ ಒಳಗಿನ ಕಪ್ಪು ಲೇಹ್ಯ ಸುಂದರನ ಬೆರಳಿಗೆ ಮೆತ್ತಿಕೊಂಡಿತು. ಬಾಣಂತಿ ಮದ್ದು. ಕರಾವಳಿಯಲ್ಲಿ ಆ ವಾಸನೆ ತಿಳಿಯದ ಮನೆಯಿಲ್ಲ, ಹಿಂದೂಗಳದ್ದಾಗಲಿ, ಕ್ರೈಸ್ತರದ್ದಾಗಲಿ, ಬ್ಯಾರಿಗಳದ್ದಾಗಲಿ. ಮಗಳು ಮೋಕ್ಷಾಳ ಹೆರಿಗೆಯಲ್ಲಿ ಅವನ ಮನೆಯಲ್ಲಿಯೂ ತಿಂಗಳುಗಟ್ಟಲೆ ಇದ್ದ ವಾಸನೆ ಅದು.

ಡಿಂಪಲಿಗೆ ಮದುವೆಯಾಗಿರಲಿಲ್ಲ.

ಸುಂದರ ಸುತ್ತ ನೋಡಿದ. ಚೈತಾಲಿ ಬರುತ್ತಾಳೆ, ಇದು ಪರೀಕ್ಷೆ ಎನ್ನುತ್ತಾಳೆ, ಎಲ್ಲ ಸುಳ್ಳು ಎನ್ನುತ್ತಾಳೆ ಎಂದು ಒಂದು ಗಳಿಗೆ ಕಾದ. ದೇವರೇ, ಬರಲಿ ಎಂದು ಬೇಡಿಕೊಂಡ. ಯಾರೂ ಬರಲಿಲ್ಲ. ಬಂದದ್ದು ಹಿಂದಿನಿಂದ ಒಂದು ಸ್ವರ. ನಿಟ್ಟೆಯಲ್ಲಿ ಓದುವ ಮಗಳನ್ನು ಬಸ್ಸು ಹತ್ತಿಸಲು ಬಂದಿದ್ದ ಕಾಪುವಿನ ಸಿಲ್ವೆಸ್ಟರ್. ಬಾಯಮ್ಮನ ಚರ್ಚಿನವನೇ, ಅವರ ವಾರ್ಡಿನ ಗುರಿಕಾರ, ಎಂದರೆ ಮುಖಂಡ.

“ಓ, ಡಿಂಪಲಿಗಾ?” ಎಂದ ಅವನು, ಸಂತೋಷದ ಸುದ್ದಿ ಕೇಳಿದವನಂತೆ. “ಮದುವೆ ಎಲ್ಲಿ ಆದದ್ದು ಬಾಯಮ್ಮ? ನಮಗೆ ಗೊತ್ತೇ ಆಗಲಿಲ್ಲ, ಅಲ್ವಾ!”

ಅವನ ಮಗಳು “ಡ್ಯಾಡಿ!” ಎಂದು ಅವನ ತೋಳು ಎಳೆದಳು. ಟಿಕೆಟಿಗೆ ನಿಂತವರು ಬೇರೆಲ್ಲಿಯೋ ನೋಡಿದರು. ನೋಡದ ಹಾಗೆ ನೋಡುವುದು ನಮ್ಮವರಿಗೆ ಚೆನ್ನಾಗಿ ಬರುತ್ತದೆ.

ಬಾಯಮ್ಮ ಬಟ್ಟೆಗಳನ್ನು ಒಂದೊಂದಾಗಿ ಮಡಚಿದರು. ಡಬ್ಬದ ಮುಚ್ಚಳವನ್ನು ಒತ್ತಿ ಹಾಕಿದರು. ಟೊಪ್ಪಿಯನ್ನು ಕೈಯಲ್ಲಿ ಹಿಡಿದು ನಿಂತರು.

“ಬಾಯಮ್ಮ, ನಾನೇ ಈಗ ಕಟ್ಟಿ ಕೊಡ್ತೇನೆ. ನಾನೇ ಡ್ರೈವರಿಗೆ ಹೇಳಿ…” ಎಂದು ಸುಂದರ ದಾರ ಹುಡುಕಿದ.

“ಬೇಡ. ಒಂದು ಟಿಕೆಟ್ ಕೊಡಿ.”

“ಯಾರಿಗೆ?”

“ನನಗೆ. ನಾನು ಹೋದರೆ ಊರಿನವರು ಯಾಕೆ ಹೋದೆ ಅಂತ ಕೇಳ್ತಾರೆ, ಅದಕ್ಕೆ ಹೋಗ್ಲಿಲ್ಲ. ಮಗುವಿನ ಮುಖ ಫೋನಿನಲ್ಲಿ ನೋಡಿದ್ದು ಮಾತ್ರ. ಇನ್ನು ಕೇಳ್ಲಿಕ್ಕೆ ಎಂತ ಉಳಿದಿದೆ?” ಮತ್ತೆ ಸಿಟ್ಟಿಲ್ಲದೆ ಹೇಳಿದರು. “ಕಾಪುವಿನಲ್ಲಿ ಕೊಟ್ಟರೆ ಯಾರಾದರೂ ಮೂಸಿ ನೋಡಿಯಾರು ಅಂತ ಹೆದರಿಕೆ ಆಯಿತು. ನೀವಿದ್ದೀರಿ ಅಂತ ಇಲ್ಲಿಗೆ ಬಂದದ್ದು.”

ಸುಂದರ ಟಿಕೆಟ್ ಬರೆದುಕೊಟ್ಟ. ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಯಮ್ಮ ಕಿಟಕಿಯ ಬದಿಯಲ್ಲಿ ಕುಳಿತರು. ಬಸ್ಸು ಹೊರಟಿತು.

ಮನೆಯಲ್ಲಿ ಊಟಕ್ಕೆ ಕುಳಿತಾಗ ಸ್ವರ್ಣಲತಾ ಅನ್ನ ಬಡಿಸಲು ಬಗ್ಗಿದವಳು ಮೂಗು ಅರಳಿಸಿದಳು. “ಬಾಣಂತಿ ಮದ್ದಿನ ವಾಸನೆ! ಯಾರಿಗೆ ಹೆರಿಗೆ ಆದದ್ದು?” ಎಂದು ನಗುತ್ತ ಕೇಳಿದಳು. ಸೋಪು ಹಾಕಿ ತೊಳೆದಿದ್ದ, ಆದರೂ ಬೆರಳಿನ ಸಂದಿಯಲ್ಲಿ ವಾಸನೆ ಉಳಿದಿತ್ತು. ಸುಂದರ ಕಲಸಿದ ಅನ್ನವನ್ನು ಬಿಟ್ಟು ಎದ್ದ. ಹೆಂಡತಿಗೆ ಎಲ್ಲವನ್ನೂ ಹೇಳಿದ್ದು ಮರುದಿನ. ಅವಳು ಅವನಿಗೆ ಬೈಯಲಿಲ್ಲ. “ಅಯ್ಯೋ, ಆ ಹೆಂಗಸಿಗೆ ನೀವಾ ಸಿಕ್ಕಿದ್ದು” ಎಂದಳು ಅಷ್ಟೇ. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ಸುದ್ದಿ ಬಾಯಮ್ಮನಿಗಿಂತ ಮೊದಲು ಕಾಪು ಮುಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತು ಆಡಿದವನು ಸಿಲ್ವೆಸ್ಟರ್, ಒಡೆದವನು ಸುಂದರ. ಸುಂದರ ಫೋನ್ ಮಾಡಿದರೆ ಬಾಯಮ್ಮ ಎತ್ತಲಿಲ್ಲ. ಎರಡನೆಯ ಸಲ ಮಾಡುವ ಧೈರ್ಯ ಅವನಿಗೆ ಬರಲಿಲ್ಲ.

ತಿಂಗಳು ಕಳೆದ ಮೇಲೆ ಮಣಿಪಾಲದಲ್ಲಿ ಅಧ್ಯಯನದವರದ್ದು ಒಂದು ತರಬೇತಿ. ಜಿಲ್ಲೆಯ ಏಜೆಂಟರು, ಡ್ರೈವರುಗಳು ಎಲ್ಲ ಬಂದಿದ್ದರು. ಸುಂದರನಿಗೆ ಈ ಸಲ ಮುಂದಿನ ಸಾಲಿನಲ್ಲಿ ಕುರ್ಚಿ. ಚೈತಾಲಿ ಮೈಕಿನಲ್ಲಿ ಹೇಳಿದಳು: ಕಾರ್ಕಳದ ಕೌಂಟರ್ ಮೊದಲು ಹೇಗಿತ್ತು, ಈಗ ಹೇಗಾಗಿದೆ ನೋಡಿ; ಪರಿಚಯದವರೇ ಆದರೂ, ಎಷ್ಟು ಒತ್ತಾಯ ಮಾಡಿದರೂ ನಿಯಮ ಬಿಡಲಿಲ್ಲ. ಪರದೆಯ ಮೇಲೆ ಕೌಂಟರಿನ ಕ್ಯಾಮೆರಾದ ವಿಡಿಯೋ ಬಂತು. ಸ್ವರ ಇರಲಿಲ್ಲ. ಬಾಯಮ್ಮನ ಮುಖವನ್ನು ಮಂಜು ಮಾಡಿದ್ದರು. ಬ್ಲೇಡು, ಹೊಲಿಗೆ, ಅರಳಿ ಹರಡಿದ ಬಟ್ಟೆ. ಹಳದಿ ಟೊಪ್ಪಿ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಸಭೆ ಚಪ್ಪಾಳೆ ತಟ್ಟಿತು. ಉಡುಪಿಯಲ್ಲಿ ನಕ್ಕವರೇ ತಟ್ಟಿದರು.

ಸುಂದರ ಎದ್ದು ನಿಂತ. ಧನ್ಯವಾದ ಹೇಳುತ್ತಾನೆಂದು ಯಾರೋ ಮೈಕು ತಂದರು.

“ಅದನ್ನು ತೆಗೀರಿ ಮೇಡಂ.”

“ಮುಖ ಕಾಣುವುದಿಲ್ಲವಲ್ಲ, ಸುಂದರಣ್ಣ?”

“ಮುಖ ಅಲ್ಲ. ಆ ಟೊಪ್ಪಿ. ಅದು ಒಂದು ಮಗುವಿನದ್ದು. ಅವರು ನನಗೂ ತೋರಿಸ್ಲಿಕ್ಕೆ ತಂದದ್ದಲ್ಲ ಅದು.”

ಚೈತಾಲಿ ಕೆಟ್ಟವಳಲ್ಲ. ವಿಡಿಯೋ ನಿಲ್ಲಿಸಿದಳು. ಊಟದ ಹೊತ್ತಿಗೆ ಹುಡುಕಿಕೊಂಡು ಬಂದು ನಡೆದದ್ದನ್ನೆಲ್ಲ ಕೇಳಿದಳು. ಕೇಳಿ ತಟ್ಟೆಯನ್ನು ಕೆಳಗಿಟ್ಟಳು. “ಬದಿಯಲ್ಲಿ ಒಂದು ಪರದೆ ಕಟ್ಟಿ ನೋಡಬಹುದಿತ್ತು. ಅದನ್ನು ವರದಿಯಲ್ಲಿ ಬರೀತೇನೆ. ಆದರೆ ಬಿಚ್ಚಿ ನೋಡಿದ್ದು ತಪ್ಪಲ್ಲ, ಸುಂದರಣ್ಣ. ನೀವೂ ತಪ್ಪು ಮಾಡಲಿಲ್ಲ, ನಾವೂ ಮಾಡಲಿಲ್ಲ.”

“ಹಾಗಾದರೆ ಮಾಡಿದ್ದು ಯಾರು ಮೇಡಂ?”

ಅವಳು ಅದನ್ನು ಬರೆದುಕೊಳ್ಳಲಿಲ್ಲ.

ಅವನು ಕೌಂಟರು ಬಿಡಲಿಲ್ಲ. ಬಿಟ್ಟಿದ್ದರೆ ಕಥೆಗೆ ಚೆಂದವಿತ್ತು. ಆದರೆ ಖಾಲಿ ಡಬ್ಬವನ್ನು ಡಿಕ್ಕಿಗೆ ಇಡಲು ಹೊರಟ ಸಂಜೆಯೂ ಅವನಿಗೆ ಮರೆತಿರಲಿಲ್ಲ. ಕಂಬಳಿ ಹೊದ್ದು ಮಲಗುವವರು ದಿನವೂ ಅವನ ಕಣ್ಣ ಮುಂದೆಯೇ ಬಸ್ಸು ಹತ್ತುತ್ತಿದ್ದರು. ತನ್ನ ಕೈಯಿಂದಲೇ ದುಡ್ಡು ಹಾಕಿ ಮೂಲೆಗೆ ಒಂದು ಬಟ್ಟೆಯ ಪರದೆ ಕಟ್ಟಿಸಿದ. ಕಟ್ಟುಗಳನ್ನು ಅದರ ಹಿಂದೆ ನೋಡುತ್ತಿದ್ದ, ಮೆಲ್ಲಗೆ ಕೇಳುತ್ತಿದ್ದ, ತಾನೇ ಮತ್ತೆ ಕಟ್ಟಿ ಕೊಡುತ್ತಿದ್ದ. ಜನ ಕ್ರಮೇಣ ಒಗ್ಗಿದರು. ‘ನಾನಿಲ್ವಾ’ ಎಂಬ ಮಾತು ಮಾತ್ರ ಅವನ ಬಾಯಿಯಿಂದ ಮತ್ತೆ ಬರಲಿಲ್ಲ.

ಚಳಿ ಬಿಡುವ ಹೊತ್ತಿಗೆ ಒಂದು ಬೆಳಗ್ಗೆ ಬೆಂಗಳೂರಿನ ಬಸ್ಸು ಬಂತು. ಮೊದಲು ಇಳಿದವಳು ಡಿಂಪಲ್. ಎರಡು ಜಡೆಯ ಹುಡುಗಿಯ ಮುಖ ಹಾಗೆಯೇ ಇತ್ತು, ಕಣ್ಣಿನ ಕೆಳಗೆ ಮಾತ್ರ ಕಪ್ಪು. ಎದೆಗೆ ಒರಗಿಸಿದ ಮಗುವಿನ ತಲೆಯ ಮೇಲೆ ಹಳದಿ ಟೊಪ್ಪಿ. ಅತ್ತೂರಿನಲ್ಲಿ ಮುಚ್ಚಿ ಬಿದ್ದಿದ್ದ ಅಜ್ಜಿಯ ಮನೆಗೆ ಅವರು ಬಂದದ್ದು. ಕಾಪುವಿನಲ್ಲಿ ಸದ್ಯಕ್ಕೆ ಇರಲು ಮನಸ್ಸಿಲ್ಲವೆಂದು ಆಮೇಲೆ ತಿಳಿಯಿತು. ಹಿಂದಿನಿಂದ ಬಾಯಮ್ಮ ಒಂದು ದೊಡ್ಡ ಚೀಲ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದರು.

ಸುಂದರನ ಕಾಲು ತಾನಾಗಿ ಅಲ್ಲಿಗೆ ಹೋಯಿತು. ಇಳಿಯುವವರ ಚೀಲಕ್ಕೆ ಕೈ ಚಾಚುವುದು ಅವನ ಹುಟ್ಟುಗುಣ. ಎರಡೂ ಕೈ ಚಾಚಿದ. ಬೈಯಲಿ, ಮುಖ ತಿರುಗಿಸಲಿ, ಏನಾದರೂ ಮಾಡಲಿ ಎಂದು ಕಾದ.

ಬಾಯಮ್ಮ ಬೈಯಲಿಲ್ಲ. ಮುಖ ತಿರುಗಿಸಲೂ ಇಲ್ಲ. ಮೆಟ್ಟಿಲ ಮೇಲೆಯೇ ಚೀಲವನ್ನು ಇಟ್ಟು, ಬಗ್ಗಿ, ಅದರ ಜಿಪ್ಪನ್ನು ಈ ಕಡೆಯಿಂದ ಆ ಕಡೆಯವರೆಗೆ ಪೂರ್ತಿ ಎಳೆದು ಬಾಯಿ ಅಗಲ ಮಾಡಿ ಹಿಡಿದರು.

“ನೋಡಿ ಸುಂದರಣ್ಣ” ಎಂದರು. “ಮಗುವಿನ ಬಟ್ಟೆ ಮಾತ್ರ ಇರುವುದು.”

ಆಮೇಲೆ ಜಿಪ್ಪು ಹಾಕಿ ಚೀಲವನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ರಿಕ್ಷಾದ ತನಕ ಹೊತ್ತುಕೊಂಡು ಹೋದ.